ಎರಡನೆಯ ಕೂಗು

ಕಳೆದ ವಾರ ಅಕ್ಕನ ಮಗಳು ಮಾಲ್ಟಾದಿಂದ ರಜೆಯಲ್ಲಿ ಬಂದಳು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಅವಳು ನರ್ಸ್. ಕಾರ್ಕಳದ ತನ್ನ ಮನೆಗೆ ಹೋಗುವ ಮೊದಲು ಎರ್ಮಾಳಿನಲ್ಲಿ ನನ್ನ ಜೊತೆ ಎರಡು ದಿನ ಇರುತ್ತೇನೆ ಎಂದಿದ್ದಳು. ಬಂದವಳೇ ಸೂಟ್‌ಕೇಸ್ ಬಿಚ್ಚಿ, ಚಾಕಲೇಟಿನ ಪೊಟ್ಟಣವನ್ನು ನನ್ನ ಕೈಗೂ ಒಗೆಯದ ಬಟ್ಟೆಯ ಗಂಟನ್ನು ನನ್ನ ಬಕೆಟ್ಟಿಗೂ ಹಾಕಿದಳು. ಮೆಡಿಟರೇನಿಯನ್ ಸಮುದ್ರದ ನಡುವೆ ಇರುವವರಿಗೂ ಬಟ್ಟೆ ಒಗೆಯಲು ಎರ್ಮಾಳಿನ ಚಿಕ್ಕಮ್ಮನೇ ಆಗಬೇಕು. ಗೊಣಗುತ್ತಲೇ ಒಂದೊಂದಾಗಿ ನೀರಿಗೆ ಹಾಕುತ್ತಿದ್ದೆ. ನೀಲಿ ಬಣ್ಣದ ಒಂದು ಜಾಕೆಟ್ ಕೈಗೆ ಬಂತು. ಎಷ್ಟು ಕೊಳೆಯಾಗಿದೆ ನೋಡುವ ಎಂದು ಮೂಗಿನ ಹತ್ತಿರ ತಂದೆ. ಉಪ್ಪು, ಎಂಜಿನ್ನಿನ ಎಣ್ಣೆ, ಒದ್ದೆ ಹಗ್ಗ... ಜಾಕೆಟ್ ಕೈಯಿಂದ ಜಾರಿ ನೀರಿಗೆ ಬಿತ್ತು, ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆಯೇ ಕೂತುಬಿಟ್ಟೆ.

ದೇಶ ಬೇರೆಯಾದರೂ ದೋಣಿಯ ವಾಸನೆ ಒಂದೇ ಎಂದು ನನಗೆ ಗೊತ್ತಿರಲಿಲ್ಲ.

ಅಡುಗೆಮನೆಯಿಂದ ಚಹಾ ಹಿಡಿದುಕೊಂಡು ಬಂದ ಹುಡುಗಿ ನನ್ನ ಮುಖ ನೋಡಿ, "ಎಂತ ಆಯ್ತು ಚಿಕ್ಕಮ್ಮ?" ಎಂದಳು. ಜಾಕೆಟ್ ತೋರಿಸಿದೆ. ಅವಳಿಗೆ ನಗು ಬಂತು. ಹೊರಡುವ ಮೊದಲಿನ ಶನಿವಾರ, ಭಾನುವಾರ ಗೆಳತಿಯರ ಜೊತೆ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ತಿರುಗಾಡಲು ಹೋಗಿದ್ದಳಂತೆ. ಅಲ್ಲಿ ಒಂದೊಂದು ದ್ವೀಪದಿಂದ ಹೊರಡುವಾಗಲೂ ಬೋಟಿನವನು ಹೆಸರು ಕರೆಯುವ ಕ್ರಮ ಉಂಟಂತೆ. ಯಾರನ್ನೂ ದ್ವೀಪದಲ್ಲಿ ಬಿಟ್ಟು ಹೋಗಬಾರದಲ್ಲ. ಒಂದು ಹೆಸರಿಗೆ ಒಂದೇ ಸಲ. ಇವಳ ಹೆಸರನ್ನೂ ಕರೆದ. ಇವಳು ಅವನ ಎದುರಿಗೇ ಕೂತಿದ್ದರೂ ಬಾಯಿ ಬಿಡಲಿಲ್ಲ. ಅವನು ಇನ್ನೊಂದು ಸಲ ಕರೆಯಲಿ ಎಂದು ಕಾಯುತ್ತಿದ್ದಳು. ಅವನು ಕರೆಯಲಿಲ್ಲ. ಮುಂದಿನ ಹೆಸರುಗಳನ್ನೆಲ್ಲ ಕರೆದು ಮುಗಿಸಿ, ಒಬ್ಬಳು ಕಡಿಮೆ ಎಂದು ಇಬ್ಬರನ್ನು ದ್ವೀಪಕ್ಕೆ ಇಳಿಸಿ ಹುಡುಕಿಸಿದ. ಕೊನೆಗೆ ಗೆಳತಿ ಇವಳನ್ನು ತಿವಿದ ಮೇಲೆ ಗುಟ್ಟು ಹೊರಬಿತ್ತು.

"ಯಾಕೆ ಉತ್ತರ ಕೊಡಲಿಲ್ಲ ಅಂತ ಕೇಳಿದ ಚಿಕ್ಕಮ್ಮ. ಎಂತ ಹೇಳುವುದು ನಾನು? ಒಂದೇ ಸಲ ಕರೆದರೆ ನಮ್ಮೂರಲ್ಲಿ ಓ ಅನ್ನುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಇಬ್ಬರಿಗೂ ಒಟ್ಟಿಗೇ ನಗು ನಿಂತಿತು. ಅದನ್ನು ಕಲಿಸಿದವರ ಮನೆ ನಮ್ಮ ಬಟ್ಟೆ ಕಲ್ಲಿನಿಂದ ನೇರ ಕಾಣುತ್ತದೆ. ಈಗ ಬೀಗ ಹಾಕಿದೆ.

ಅವರು ನಮ್ಮ ನೆರೆಮನೆಯ ದೊಡ್ಡಮ್ಮ. ರಕ್ತಸಂಬಂಧ ಎಂತದೂ ಇಲ್ಲ. ನನ್ನ ಅಮ್ಮ ಅವರನ್ನು ಅಕ್ಕ ಎನ್ನುತ್ತಿದ್ದರು, ಹಾಗಾಗಿ ನಮಗೆ ದೊಡ್ಡಮ್ಮ, ಅಷ್ಟೆ. ಆಮೇಲೆ ರಜೆಗೆ ನಮ್ಮಲ್ಲಿಗೆ ಬಂದು ಇರುತ್ತಿದ್ದ ಅಕ್ಕನ ಮಗಳೂ ಅದನ್ನೇ ಕಲಿತಳು. ತಲೆಯ ಮೇಲೆ ಬುಟ್ಟಿ ಹೊತ್ತು ಶಂಕರಪುರದ ಕಡೆ ಮೀನು ಮಾರಲು ಹೋಗುತ್ತಿದ್ದರು. ಬರುವಾಗ ಯಾವುದೋ ಮನೆಯವರು ಕೊಟ್ಟ ಮಲ್ಲಿಗೆ ಮುಡಿಯಲ್ಲಿರುತ್ತಿತ್ತು. ಬೂತಾಯಿ ಮೀನಿನ ವಾಸನೆ, ಮಲ್ಲಿಗೆಯ ಪರಿಮಳ ಎರಡೂ ಸೇರಿದರೆ ದೊಡ್ಡಮ್ಮ ಬಂದರು ಎಂದು ಅರ್ಥ. ಬಾಯಿ ಜೋರು. ಚೌಕಾಸಿ ಮಾಡುವವರಿಗೆ, "ಮೀನು ಬೇಡ ಅಮ್ಮ ನಿಮಗೆ, ಬಸಳೆ ಬೇಯಿಸಿ ತಿನ್ನಿ" ಎಂದು ಬುಟ್ಟಿ ಎತ್ತಿ ಹೊರಟೇಬಿಡುವ ಹೆಂಗಸು. ಯಾರಿಗೂ ಹೆದರಿದವರಲ್ಲ. ಒಂದು ವಿಷಯ ಬಿಟ್ಟು.

ಒಂದೇ ಸಲ ಕರೆದರೆ ಓ ಅನ್ನಬಾರದು. ಇದು ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೆ ದೊಡ್ಡಮ್ಮ ಅದನ್ನು ಪಾಲಿಸಿದ ಹಾಗೆ ಬೇರೆ ಯಾರೂ ಪಾಲಿಸಿದ್ದನ್ನು ನಾನು ನೋಡಿಲ್ಲ. "ಮನುಷ್ಯರಾದರೆ ಎರಡನೆಯ ಸಲ ಕರೆಯುತ್ತಾರೆ. ಕುಲೆಗೆ ಒಂದೇ ಕೂಗು," ಎನ್ನುತ್ತಿದ್ದರು. ಕುಲೆ ಎಂದರೆ ಸತ್ತವರು. ಸಮುದ್ರಕ್ಕೆ ಹೋಗಿ ಹಿಂದೆ ಬಾರದವರು ಮುಸ್ಸಂಜೆಯಲ್ಲಿ, ಮಳೆ ಕವಿದ ಹೊತ್ತಿನಲ್ಲಿ ಮನೆಯವರ ಹೆಸರು ಹಿಡಿದು ಒಂದೇ ಒಂದು ಸಲ ಕರೆಯುತ್ತಾರಂತೆ. ಓ ಅಂದರೆ ಮುಗಿಯಿತು, ಬರುತ್ತೇನೆ ಎಂದು ಮಾತು ಕೊಟ್ಟ ಹಾಗೆ. ಸಣ್ಣವರಿದ್ದಾಗ ನಾವು ಮರೆತು ಮೊದಲ ಕೂಗಿಗೇ ಓ ಎಂದುಬಿಟ್ಟರೆ ದೊಡ್ಡಮ್ಮ ಓಡಿ ಬಂದು ಬಾಯಿಯ ಮೇಲೆಯೇ ಒಂದು ಬಿಡುತ್ತಿದ್ದರು. ಹೊಡೆದ ಕೈ ನಡುಗುತ್ತಿತ್ತು. ಅವರ ಕೈ ಯಾಕೆ ನಡುಗುತ್ತದೆ ಎಂದು ಆಗ ನಮಗೆ ತಿಳಿಯುತ್ತಿರಲಿಲ್ಲ.

ಅಭ್ಯಾಸ ಹಾಗೆಯೇ ಉಳಿಯಿತು. ನಾನು ಮಣಿಪಾಲದ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸದವಳು. ಈಗಲೂ ಬಾಗಿಲಲ್ಲಿ ನಿಂತು ಒಂದೊಂದು ಹೆಸರನ್ನು ಎರಡೆರಡು ಸಲ ಕರೆಯುತ್ತೇನೆ. ಕಿವಿ ಸರಿ ಉಂಟು ಸಿಸ್ಟರ್, ಎಂದು ಸಿಟ್ಟು ಮಾಡಿಕೊಂಡವರೂ ಇದ್ದಾರೆ.

ದೊಡ್ಡಪ್ಪ ನಾನು ಹುಟ್ಟುವ ಮೊದಲೇ ಸಮುದ್ರದ ಪಾಲಾಗಿದ್ದರು. ದೋಣಿ ಮಗುಚಿತಂತೆ, ಉಳಿದವರು ಸಿಕ್ಕಿದರಂತೆ, ಅವರೊಬ್ಬರು ಸಿಗಲಿಲ್ಲ. ಅದಕ್ಕಿಂತ ಹೆಚ್ಚಿಗೆ ದೊಡ್ಡಮ್ಮ ಹೇಳುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ಇಡೀ ಜೀವಮಾನ ಮೀನು ಮಾರಿದ ಆ ಹೆಂಗಸು ಒಂದು ಸಲವೂ ದೋಣಿಯಲ್ಲಿ ಕಾಲಿಟ್ಟವರಲ್ಲ. ನಮ್ಮ ಕೇರಿಯಲ್ಲಿ ಹೆಂಗಸರು ದೋಣಿ ಹತ್ತುವ ಪದ್ಧತಿಯೇ ಇರಲಿಲ್ಲ. ಗಂಡಸರು ನೀರಿಗೆ, ಹೆಂಗಸರು ಮರಳಿಗೆ. ಇನ್ನು ನನ್ನದೋ, ಸಮುದ್ರದ ನೆಂಟಸ್ತನ ಉಪ್ಪಿಗೆ ಬಡತನ ಎಂಬ ಗಾದೆಯ ಬದುಕು. ಮಲಗಿದರೆ ತೆರೆಯ ಸದ್ದು ದಿಂಬಿನ ಅಡಿಯಲ್ಲೇ, ಈಜು ಮಾತ್ರ ಬರುವುದಿಲ್ಲ. ಮೊಣಕಾಲಿಗಿಂತ ಮೇಲೆ ನೀರು ಬಂದರೆ ನನಗೆ ಹೆದರಿಕೆ. ಅವತ್ತೂ ಇತ್ತು, ಇವತ್ತೂ ಉಂಟು.

ಇಂಥ ನಮ್ಮಿಬ್ಬರನ್ನು ದೋಣಿ ಹತ್ತಿಸಿದವರು ನನ್ನ ಭಾವ. ಅಕ್ಕನ ಗಂಡ. ಕಾರ್ಕಳದಲ್ಲಿ ಕಲ್ಲಿನ ಕೋರೆ ನಡೆಸುವವರು. ದಿನವಿಡೀ ಧೂಳು ಕುಡಿಯುವ ಮನುಷ್ಯನಿಗೆ ನೀರಿನ ಹುಚ್ಚು. ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ಅವರ ಫೋನ್ ತುಂಬ ಮೆಡಿಟರೇನಿಯನ್ನೇ. ಬಿಳಿ ಮನೆಗಳು, ನೀಲಿ ನೀರು, ದೋಣಿಯ ಮೂತಿಯಲ್ಲಿ ಕಾಲು ಚಾಚಿ ಮಲಗಿದ ಜನ. ಯಾರು ಸಿಕ್ಕಿದರೂ ತೋರಿಸುವುದು. "ಐಲ್ಯಾಂಡ್ ಹಾಪಿಂಗ್ ಅಂತ ಇದಕ್ಕೆ, ದ್ವೀಪದಿಂದ ದ್ವೀಪಕ್ಕೆ ಹಾರುವುದು. ಅಲ್ಲಿಗೆ ಹೋಗಲಿಕ್ಕೆ ಪಾಸ್‌ಪೋರ್ಟ್ ಬೇಕು ಮಾರಾಯ್ತಿ. ಮಲ್ಪೆಗೆ ಹೋಗಲಿಕ್ಕೆ ಎಂತ ಬೇಕು? ನಮಗೂ ದ್ವೀಪ ಉಂಟಲ್ಲ," ಎಂದರು ನನ್ನ ಹತ್ತಿರ. ಶನಿವಾರ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ, ರಾತ್ರಿ ಎರ್ಮಾಳಿನಲ್ಲಿ ನಮ್ಮ ಮನೆ, ಭಾನುವಾರ ಕಾಪುವಿನಿಂದ ಬೇರೆ ದೋಣಿ ಮಾಡಿ ಸಮುದ್ರದಲ್ಲಿರುವ ಪಾದೆಗಳು. ಪಾದೆ ಎಂದರೆ ಬಂಡೆ. ನೀರಿನ ನಡುವೆ ತಲೆ ಎತ್ತಿದ ಬೋಳು ಬಂಡೆಗಳಿಗೂ ಭಾವನ ಬಾಯಲ್ಲಿ ಐಲ್ಯಾಂಡ್ ಎಂಬ ಬಿರುದು ಸಿಕ್ಕಿತು. ನನ್ನ ಅಕ್ಕ ಹುಷಾರಿ. ಹಲಸಿನ ಹಪ್ಪಳ ಒಣಗಿಸಲಿಕ್ಕುಂಟು ಎಂದು ಕಾರ್ಕಳದಲ್ಲೇ ಉಳಿದಳು. ಆಗ ನರ್ಸಿಂಗ್ ಓದುತ್ತಿದ್ದ ಮಗಳು ಕುಣಿದಳು. ಮಗಳನ್ನು ನೋಡಿಕೊಳ್ಳಲು ಚಿಕ್ಕಮ್ಮ ಬೇಕೆಂದು ನನ್ನನ್ನು ಎಳೆದರು.

ದೊಡ್ಡಮ್ಮನನ್ನು ಯಾರೂ ಕರೆಯಲಿಲ್ಲ. ಶುಕ್ರವಾರ ಸಂಜೆ ಅವರೇ ನಮ್ಮ ಜಗಲಿಗೆ ಬಂದು ಕೂತರು. ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದು, "ನಾನೂ ಬರ್ತೇನೆ" ಎಂದರು. ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಯಾಕೆ ದೊಡ್ಡಮ್ಮ, ಎಂದೆ. "ಅಲ್ಲಿಂದ ನೋಡಿದರೆ ಇಲ್ಲಿ ಎಂತ ಕಾಣ್ತದೆ ಅಂತ ನೋಡ್ಬೇಕು. ನಿನ್ನ ದೊಡ್ಡಪ್ಪ ಹೇಳುತ್ತಿದ್ದರು, ಎಷ್ಟು ದೂರ ಹೋದರೂ ನೀನು ಇಟ್ಟ ದೀಪ ಕಾಣ್ತದೆ ಅಂತ. ಕಾಣ್ತದಾ ಇಲ್ವಾ ನನಗೆ ಗೊತ್ತಾಗಬೇಡ್ವಾ?" ಎಂದು ಎದ್ದು ಹೋದರು.

ಶನಿವಾರ ಚಂದವಾಗಿಯೇ ಕಳೆಯಿತು. ಸೇಂಟ್ ಮೇರೀಸಿನ ಕಂಬದಂಥ ಕಲ್ಲುಗಳನ್ನು ಭಾವ ಬೆರಳಿನಿಂದ ತಟ್ಟಿ ತಟ್ಟಿ ನೋಡಿ, ಇಷ್ಟು ಸಾಪಾಗಿ ನನ್ನ ಕೋರೆಯಲ್ಲಿ ಯಾರೂ ಕಡಿಯುವುದಿಲ್ಲ ಎಂದು ಬೇಸರ ಮಾಡಿಕೊಂಡರು. ದೊಡ್ಡಮ್ಮ ದೋಣಿ ಹತ್ತುವ ಮೊದಲು ಮುಡಿಯಲ್ಲಿದ್ದ ಮಲ್ಲಿಗೆಯಿಂದ ಒಂದು ಗೇಣು ಹರಿದು ನೀರಿಗೆ ಬಿಟ್ಟು ಕಣ್ಣಿಗೆ ಕೈ ಒತ್ತಿಕೊಂಡರು. ಆಮೇಲೆ ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಬಿಡಲಿಲ್ಲ. ಅವರ ಹೆದರಿಕೆ ನನ್ನೊಳಗೆ, ನನ್ನ ಹೆದರಿಕೆ ಅವರೊಳಗೆ ಹೋಗಿ ಬಂದು ಮಾಡುತ್ತಿತ್ತು. ಹಿಂದೆ ಬಂದು ಮಲ್ಪೆಯ ಮರಳು ಮುಟ್ಟಿದಾಗ ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು.

ಭಾನುವಾರ ಬೆಳಿಗ್ಗೆ ಕಾಪುವಿನ ದೀಪಸ್ತಂಭದ ಪಕ್ಕದ ಮರಳಿನಿಂದ ಹೊರಟೆವು. ಎಂಜಿನ್ ಕಟ್ಟಿದ ಸಣ್ಣ ನಾಡದೋಣಿ. ನಡೆಸುವವರು ದೊಡ್ಡಮ್ಮನಿಗೆ ದೂರದ ನೆಂಟರು, ವಯಸ್ಸಾದ ಮೀನುಗಾರರು, ಮಾತು ಕಡಿಮೆ. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿದರು. ಮಳೆಗಾಲ ಹತ್ತಿರವಾಗಿದೆ, ಗಾಳಿಯನ್ನು ನಂಬಲಿಕ್ಕೆ ಆಗುವುದಿಲ್ಲ, ಮಧ್ಯಾಹ್ನದೊಳಗೆ ಹಿಂದೆ ಬರಬೇಕು ಎಂದರು. ಭಾವ ಹೂಂ ಹೂಂ ಎಂದರು. ಮೊದಲ ಪಾದೆಯಲ್ಲಿ ಹಕ್ಕಿಯ ಹಿಕ್ಕೆ ಬಿಟ್ಟು ಬೇರೆ ಎಂತದೂ ಇರಲಿಲ್ಲ. ಎರಡನೆಯದು ಸ್ವಲ್ಪ ದೊಡ್ಡದು. ನಡುವೆ ತಗ್ಗು, ಆಚೆ ಈಚೆ ಎರಡು ದಿಬ್ಬ. ನೀರು ಇಳಿದಿದ್ದರಿಂದ ತಗ್ಗಿನಲ್ಲಿ ನಡೆದು ಆಚೆ ದಿಬ್ಬಕ್ಕೂ ಹೋಗಬಹುದಿತ್ತು. ಭಾವ ಅಲ್ಲಿ ಚಾಪೆ ಬಿಡಿಸಿ ಫ್ಲಾಸ್ಕ್ ತೆಗೆದರು, ಗೋಳಿಬಜೆಯ ಕಟ್ಟು ಬಿಚ್ಚಿದರು. ಹೊರಡುವ ಎಂದು ದೋಣಿಯವರು ಹೇಳಿದಾಗಲೆಲ್ಲ, "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ಇನ್ನೊಂದು ಗ್ಲಾಸ್ ಚಹಾ ಕುಡಿಯಿರಿ" ಎಂದು ಅವರನ್ನೂ ಕೂರಿಸಿದರು.

ದೊಡ್ಡಮ್ಮ ಮಾತ್ರ ದಡದ ಕಡೆಗೇ ಮುಖ ಮಾಡಿ ಕೂತಿದ್ದರು. ಎರ್ಮಾಳು ಎಲ್ಲಿ ಎಂದು ಕೇಳಿದರು. ದೋಣಿಯವರು ತೆಂಗಿನ ಮರಗಳ ಗೆರೆಯ ಒಂದು ತುದಿ ತೋರಿಸಿದರು. ಮನೆಯೂ ಇಲ್ಲ, ಮರಳೂ ಇಲ್ಲ, ಹಸಿರಿನ ಒಂದು ಎಳೆ. ದೊಡ್ಡಮ್ಮ ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ದೀಪ ಕಾಣ್ತದಂತೆ, ದೀಪ. ಸುಳ್ಳ ಮನುಷ್ಯ," ಎಂದು ನಕ್ಕರು. ಕಣ್ಣು ಒರೆಸಿಕೊಂಡರು. ಬಿಸಿಲು ಚುಚ್ಚುತ್ತದೆ ಎಂದರು.

ಇನ್ನು ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಹೆಂಗಸರಿಗೆ ಅರ್ಥವಾಗುತ್ತದೆ. ಬೆಳಿಗ್ಗೆಯಿಂದ ದೋಣಿ, ಮೇಲಿಂದ ಮೇಲೆ ಚಹಾ, ಸುತ್ತ ಗಂಡಸರು. ಎಷ್ಟು ತಡೆದುಕೊಳ್ಳುವುದು? ದೊಡ್ಡಮ್ಮನ ಕಿವಿಯಲ್ಲಿ ಹೇಳಿ, ಜಾಕೆಟ್ ಬಿಚ್ಚಿ ಅವರ ಕೈಗೆ ಕೊಟ್ಟು, ತಗ್ಗು ದಾಟಿ ಆಚೆ ದಿಬ್ಬದ ಹಿಂದಕ್ಕೆ ಹೋದೆ. ಅಲ್ಲಿಂದ ದಡ ಕಾಣುವುದಿಲ್ಲ. ಬರೀ ಸಮುದ್ರ. ಪಡುವಣದಲ್ಲಿ ಆಕಾಶ ಮಸಿ ಬಟ್ಟೆಯ ಹಾಗೆ ಕಪ್ಪಾಗಿ ಇಳಿದಿದ್ದು ಆಗ ಕಂಡಿತು. ಸಲ್ವಾರಿನ ಲಾಡಿ ಕಟ್ಟಿಕೊಂಡು ಎದ್ದು ನಿಲ್ಲುವಷ್ಟರಲ್ಲಿ ಗಾಳಿ ಬಂದು ಬಡಿಯಿತು. ಹಿಂದೆಯೇ ಮಳೆ. ಮಳೆ ಎಂದರೆ ಹನಿ ಅಲ್ಲ, ಗೋಡೆ. ನನ್ನ ಕೈ ನನಗೇ ಕಾಣಲಿಲ್ಲ.

ತಗ್ಗಿನ ಕಡೆ ಓಡಿದೆ. ತಗ್ಗು ಇರಲಿಲ್ಲ. ನಾನು ಕಾಲು ಒದ್ದೆಯಾಗದೆ ದಾಟಿ ಬಂದ ಜಾಗದಲ್ಲಿ ತೆರೆ ಬಂದು ಬಡಿದು ನೊರೆ ಎದ್ದು ಬೀಳುತ್ತಿತ್ತು. ಆಚೆಯಲ್ಲಿ ಚಾಪೆಯೂ ಇಲ್ಲ, ಜನರೂ ಇಲ್ಲ. ಎಂಜಿನ್ ಸದ್ದು ಒಂದು ಸಲ ಕೇಳಿದ ಹಾಗಾಯಿತು, ಆಮೇಲೆ ಅದೂ ಇಲ್ಲ. ಬಿಟ್ಟು ಹೋದರು ಎಂದುಕೊಂಡೆ. ದೋಣಿ ಕಲ್ಲಿಗೆ ಬಡಿದು ಒಡೆಯಬಾರದೆಂದು ದೂರ ಒಯ್ದಿದ್ದಾರೆ, ನನ್ನನ್ನು ಹುಡುಕಲು ಸುತ್ತು ಹಾಕುತ್ತಿದ್ದಾರೆ ಎಂದು ಯೋಚಿಸುವಷ್ಟು ಬುದ್ಧಿ ಆ ಹೊತ್ತಿಗೆ ಎಲ್ಲಿಂದ ಬರಬೇಕು? ಹಿಂದಕ್ಕೆ ಸರಿದೆ. ಕಾಲು ಜಾರಿತು. ಸೊಂಟದವರೆಗೆ ನೀರಿಗೆ ಹೋದೆ. ಚಿಪ್ಪು ಅಂಟಿದ ಕಲ್ಲೊಂದು ಕೈಗೆ ಸಿಕ್ಕಿತು, ಅಂಗೈ ಸೀಳಿದ್ದು ಗೊತ್ತಾದರೂ ಬಿಡಲಿಲ್ಲ. ತೆರೆ ಬಂದಾಗ ಕುತ್ತಿಗೆಯವರೆಗೆ, ಹೋದಾಗ ಮೊಣಕಾಲಿನವರೆಗೆ. ಪ್ರತಿ ಸಲ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಲು ನೋಡುತ್ತಿತ್ತು. ಹೆದರಿಕೆ ಎಂದರೆ ಎಂತದೆಂದು ಆವತ್ತು ಗೊತ್ತಾಯಿತು. ಅದರಲ್ಲಿ ದೇವರ ಹೆಸರೂ ನೆನಪಾಗುವುದಿಲ್ಲ.

ಬಾಯಿ ತೆರೆದು ಕೂಗಿದೆ. ಬಾಯಿಗೆ ಬಂದದ್ದು ಭಾವನೂ ಅಲ್ಲ, ಹುಡುಗಿಯ ಹೆಸರೂ ಅಲ್ಲ. ಸಣ್ಣವಳಿದ್ದಾಗ ಹಾವು ಕಂಡರೂ, ಕನಸು ಬಿದ್ದರೂ ಯಾರನ್ನು ಕರೆಯುತ್ತಿದ್ದೆನೋ ಅವರನ್ನೇ ಕರೆದೆ. ದೊಡ್ಡಮ್ಮಾ, ಎಂದು. ಕೂಗಿ ಮುಗಿಯುವಷ್ಟರಲ್ಲಿ ತೆರೆ ಬಂದು ಬಾಯಿ, ಮೂಗು ತುಂಬ ಉಪ್ಪುನೀರು. ಗಂಟಲು ಕಟ್ಟಿತು. ಎರಡನೆಯ ಸಲ ಕೂಗಲು ಹೋದರೆ ಬರೀ ಗಾಳಿ ಹೊರಗೆ ಬಂತು, ಸ್ವರ ಬರಲಿಲ್ಲ.

ದೋಣಿಯಲ್ಲಿ ಆದದ್ದನ್ನು ಹುಡುಗಿ ಆಮೇಲೆ ಹೇಳಿದಳು. ಅವರು ಪಾದೆಯ ತೆಂಕಣ ಬದಿಯಲ್ಲಿ ಮಳೆಯಲ್ಲಿ ಸುತ್ತುತ್ತಿದ್ದರಂತೆ. ಕೇಳಿಸಲಿ ಎಂದು ದೋಣಿಯವರು ಎಂಜಿನ್ ನಿಲ್ಲಿಸಿದರು. ಭಾವ ತಲೆಗೆ ಕೈ ಹೊತ್ತು ಅಳುತ್ತಿದ್ದರು. ಆಗ ನನ್ನ ಕೂಗು ಕೇಳಿಸಿತು. ಆದರೆ ಪಾದೆಯ ಕಡೆಯಿಂದ ಅಲ್ಲ. ಗಾಳಿ ಅದನ್ನು ಹೇಗೆ ತಿರುಗಿಸಿತೋ, ಪಡುವಣದ ಕಡೆಯಿಂದ, ಯಾರೂ ಇರಲು ಸಾಧ್ಯವಿಲ್ಲದ ನಡುಸಮುದ್ರದಿಂದ ಕೇಳಿಸಿತು. ಕರೆದದ್ದು ದೊಡ್ಡಮ್ಮನನ್ನು. ಒಂದೇ ಸಲ.

ದೋಣಿಯವರ ಮುಖ ಬೂದಿಯಾಯಿತು. "ನಿಲ್ಲಿ. ಇನ್ನೊಂದು ಸಲ ಕೇಳಲಿ," ಎಂದರು. ಹುಡುಗಿ ಓ ಎನ್ನಲು ಬಾಯಿ ತೆರೆದಿದ್ದಳು. ತಾನಾಗಿಯೇ ಮುಚ್ಚಿಕೊಂಡಳು. ನರ್ಸಿಂಗ್ ಓದುವವಳು. ಅವಳನ್ನು ಬೈದು ಪ್ರಯೋಜನ ಇಲ್ಲ, ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನಮ್ಮದು ದೊಡ್ಡಮ್ಮನ ಹೊಡೆತ ತಿಂದ ಬಾಯಿ. ಎಲ್ಲರೂ ಎರಡನೆಯ ಕೂಗಿಗೆ ಕಾದರು. ನನ್ನ ಹತ್ತಿರ ಎರಡನೆಯ ಕೂಗು ಇರಲಿಲ್ಲ.

ಆಗ ದೊಡ್ಡಮ್ಮ ಎದ್ದು ನಿಂತರಂತೆ. ಅಲುಗಾಡುವ ದೋಣಿಯಲ್ಲಿ, ಅದರ ಹಿಂದಿನ ದಿನದವರೆಗೆ ದೋಣಿಯನ್ನೇ ಮುಟ್ಟದ ಹೆಂಗಸು. ಹುಡುಗಿ ಸೆರಗು ಹಿಡಿದು ಎಳೆದಳು, ಕೂರಲಿಲ್ಲ. ಮೀನು ಬಂತು ಮೀನು ಎಂದು ಓಣಿಯ ಕೊನೆಯ ಮನೆಗೂ ಕೇಳಿಸುತ್ತಿದ್ದ ಆ ಗಂಟಲು ಬಿಚ್ಚಿ ಕೂಗಿದರು.

"ಓ... ಮಗಾ. ಬತ್ತೆ."

ಬಂದೆ ಎಂದು ತುಳುವಿನಲ್ಲಿ. ನನಗೆ ಅದು ಕೇಳಿಸಿತು. ಮಳೆಯ ಒಳಗಿಂದ, ನಾನು ನೋಡುತ್ತಿದ್ದ ಕಡೆಯಿಂದ ಅಲ್ಲ, ಬೆನ್ನ ಹಿಂದಿನಿಂದ. ಅಳು ಬಂತು. ಅಳು ಬಂದದ್ದೇ ಗಂಟಲು ಬಿಟ್ಟಿತು. ಇನ್ನೊಂದು ಸಲ ದೊಡ್ಡಮ್ಮಾ ಎಂದೆ, ಮತ್ತೊಂದು ಸಲ ಎಂದೆ. ಅವರು ಪ್ರತಿಯೊಂದಕ್ಕೂ ಓ ಎನ್ನುತ್ತಲೇ ಇದ್ದರು. ಆ ಓ ಹತ್ತಿರ ಹತ್ತಿರ ಬಂತು. ದೋಣಿಯವರು ಕಲ್ಲಿಗೆ ತಾಗದ ಹಾಗೆ ದೂರದಿಂದಲೇ ಹಗ್ಗಕ್ಕೆ ನನ್ನದೇ ಜಾಕೆಟ್ ಕಟ್ಟಿ ಎಸೆದರು. ಅದನ್ನು ಅಪ್ಪಿ ಹಿಡಿದೆ. ಅದರ ವಾಸನೆ, ಉಪ್ಪು, ಎಣ್ಣೆ, ಒದ್ದೆ ಹಗ್ಗ... ಈಜು ಬಾರದ ಭಾವ ಕಲ್ಲಿನ ಕೋರೆಯ ಕೈಗಳಿಂದ ನನ್ನನ್ನು ಎಳೆದು ಹಾಕಿದರು. ಆಮೇಲೆ ಕಾಪುವಿನ ಮರಳು ಮುಟ್ಟುವವರೆಗೆ ಯಾರು ಎಂತ ಮಾತಾಡಿದರೆಂದು ನನಗೆ ನೆನಪಿಲ್ಲ. ದೊಡ್ಡಮ್ಮನ ಮಡಿಲಲ್ಲಿ ತಲೆ ಇಟ್ಟಿದ್ದೆ, ಮುಡಿಯಲ್ಲಿ ಉಳಿದಿದ್ದ ಮಲ್ಲಿಗೆ ನೀರು ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು ಎಂಬುದು ಮಾತ್ರ ನೆನಪು.

ಅದೇ ಸಂಜೆ ಅವರ ಅಡುಗೆಮನೆಯಲ್ಲಿ ನನ್ನನ್ನು ಒಲೆಯ ಎದುರು ಕೂರಿಸಿ ತಲೆ ಒರೆಸುತ್ತಿದ್ದರು. ನಾನು ಕೇಳಿದೆ, "ಕೂಗಿದ್ದು ನಾನೇ ಅಂತ ನಿಮಗೆ ಗೊತ್ತಿತ್ತಾ ದೊಡ್ಡಮ್ಮ?"

"ಇಲ್ಲ," ಎಂದರು.

ಬಟ್ಟೆ ಹಿಂಡಿ ಮತ್ತೆ ತಲೆ ತಿಕ್ಕಿದರು. ಆಮೇಲೆ ಹೇಳಿದರು. ದೊಡ್ಡಪ್ಪ ಹೋದ ದಿನ ಮುಸ್ಸಂಜೆಗೆ ಅವರು ಅತ್ತೆಯ ಜೊತೆ ಮರಳಿನಲ್ಲಿ ನಿಂತಿದ್ದರಂತೆ. ಮಳೆ ಬರುತ್ತಿತ್ತು. ಸಮುದ್ರದ ಕಡೆಯಿಂದ ಅವರ ಹೆಸರು ಹಿಡಿದು ಕರೆದದ್ದು ಕೇಳಿಸಿತು. ಗಂಡನ ಸ್ವರವೇ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈ ಅಡ್ಡ ಹಿಡಿದು ಬಾಯಿ ಒತ್ತಿದರು. ಒಂದೇ ಸಲ ಕರೆದದ್ದು, ಓ ಅನ್ನಬೇಡ ಎಂದರು. ಎರಡನೆಯ ಸಲ ಕರೆಯಲಿ ಎಂದು ಇಬ್ಬರೂ ಕಾದರು.

"ಕರೆಯಲಿಲ್ಲ," ಎಂದರು ದೊಡ್ಡಮ್ಮ. "ಕುಲೆಯೋ, ಜೀವ ಇದ್ದ ಮನುಷ್ಯನೋ ನನಗೆ ಇವತ್ತಿಗೂ ಗೊತ್ತಿಲ್ಲ. ಇವತ್ತು ನೀನೋ, ಅವರೋ, ಬೇರೆ ಎಂತದೋ ಅಂತಲೂ ಗೊತ್ತಿರಲಿಲ್ಲ. ಯಾರಾದರೂ ಆಗಲಿ, ಓ ಅನ್ನುವ ಅಂತ ಮಾಡಿದೆ."

ಅವರ ಕೈ ಯಾಕೆ ನಡುಗುತ್ತಿತ್ತೆಂದು ಆಗ ತಿಳಿಯಿತು. ಅವರು ಎದ್ದು ಗಂಜಿ ಬಡಿಸಿದರು, ನಾನು ಉಂಡೆ.

ದೊಡ್ಡಮ್ಮ ಅದೇ ವರ್ಷ ಆಟಿ ತಿಂಗಳಲ್ಲಿ, ಮಳೆ ಬಿಡದ ಆಷಾಢದಲ್ಲಿ, ಹಾಸಿಗೆ ಹಿಡಿದರು. ಉಸಿರು ಕಟ್ಟುತ್ತದೆ ಎಂದರು. ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಹೃದಯ ದೊಡ್ಡದಾಗಿದೆ, ಬಹಳ ವರ್ಷಗಳಿಂದ ಇದ್ದದ್ದು, ಈಗ ಕಾಣಿಸಿಕೊಂಡಿದೆ ಎಂದರು ಡಾಕ್ಟರು. ಬಹಳ ವರ್ಷಗಳಿಂದ ಇದ್ದದ್ದು ಎಂಬ ಆ ಒಂದು ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ, ಆ ಚಿಪ್ಪಿನ ಕಲ್ಲನ್ನು ಹಿಡಿದ ಹಾಗೆ. ಕೇರಿಯಲ್ಲಿ ಮಾತು ಬೇರೆ ಇತ್ತು. ಸಮುದ್ರಕ್ಕೆ ಓ ಅಂದವಳು, ಮಾತು ಕೊಟ್ಟ ಮೇಲೆ ಹೋಗದೆ ಇರಲಿಕ್ಕುಂಟಾ, ಎನ್ನುತ್ತಿದ್ದರು. ನನ್ನ ಎದುರು ಯಾರೂ ಹೇಳಲಿಲ್ಲ. ಆದರೆ ನಾನು ಹೋದಾಗ ಮಾತು ನಿಲ್ಲುತ್ತಿತ್ತು. ನನಗೂ ಹೆದರಿಕೆಯೇ. ನಾನು ಕಲಿತ ಸೈನ್ಸ್ ಹಗಲಿನಲ್ಲಿ ಇರುತ್ತದೆ, ಮಳೆ ಕವಿದರೆ ಇರುವುದಿಲ್ಲ. ಆ ಓ ನನ್ನನ್ನು ಉಳಿಸಿತು, ಅದರ ಬದಲಿಗೆ ಸಮುದ್ರ ಅವರನ್ನು ಕರೆದದ್ದಾ ಎಂದು...

ಡ್ಯೂಟಿ ಮುಗಿಸಿ ದಿನವೂ ವಾರ್ಡಿಗೆ ಹೋಗುತ್ತಿದ್ದೆ. ಮಂಚದ ಪಕ್ಕ ನಿಂತು ದೊಡ್ಡಮ್ಮ ಎಂದರೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ತುಟಿಯ ತುದಿಯಲ್ಲಿ ನಗು ಕಾಣುತ್ತಿತ್ತು. ಎರಡನೆಯ ಸಲ ಕರೆದರೆ, "ಓ. ಮನುಷ್ಯರೇ ಬಂದದ್ದು," ಎಂದು 'ಎಂತ ತಂದೆ?' ಎನ್ನುವ ಹಾಗೆ ಕೈ ಚಾಚುತ್ತಿದ್ದರು. ಪಕ್ಕದ ಮಂಚದವರಿಗೂ ನಮ್ಮ ಆಟ ಗೊತ್ತಾಗಿತ್ತು. ಒಂದು ದಿನ ಮಲ್ಲಿಗೆ ಒಯ್ದಿದ್ದೆ. ಮೊದಲ ಸಲ ಕರೆದೆ. ಕಣ್ಣು ಮುಚ್ಚಿತ್ತು, ನಾನೂ ನಗುತ್ತ ಕಾದೆ. ಎರಡನೆಯ ಸಲ ಕರೆದೆ. ಆಮೇಲೆ ಮೂರನೆಯ ಸಲ... ಪಕ್ಕದ ಮಂಚದ ಹೆಂಗಸು ಎದ್ದು ಬಂದು ನನ್ನ ಭುಜ ಹಿಡಿದರು.

ಹುಡುಗಿಗೆ ಇದೆಲ್ಲ ಗೊತ್ತು, ಮತ್ತೆ ಹೇಳುವ ಅಗತ್ಯ ಇರಲಿಲ್ಲ. ಬಟ್ಟೆ ಕಲ್ಲಿನ ಮೇಲೆ ಕೂತು ತಣ್ಣಗಾದ ಚಹಾ ಕುಡಿದೆ. "ನೋಡು, ಅಲ್ಲಿ ಬೋಟಿನವನು ಕರೆದಾಗ ಇನ್ನು ಮುಂದೆ ಒಂದೇ ಸಲಕ್ಕೆ ಓ ಅನ್ನು" ಎಂದೆ. ಅವಳು ಬೀಗ ಹಾಕಿದ ಮನೆಯ ಕಡೆ ನೋಡಿ, "ದೊಡ್ಡಮ್ಮ ಬೈಯುವುದಿಲ್ವಾ?" ಎಂದಳು. ಬೈಯುವುದಿಲ್ಲ ಎಂದೆ. ಅವಳು ಸ್ನಾನಕ್ಕೆ ಹೋದಳು.

ಹಿಂಡಿದ ಜಾಕೆಟನ್ನು ಹಿತ್ತಿಲ ತಂತಿಗೆ ಹಾಕುವಾಗ ಹೊತ್ತು ಮುಳುಗಿತ್ತು. ಮೋಡ ಕವಿದಿತ್ತು. ಎಷ್ಟು ತೊಳೆದರೂ ಆ ವಾಸನೆ ಪೂರ್ತಿ ಹೋಗಿರಲಿಲ್ಲ. ಆಗ ಸಮುದ್ರದ ಕಡೆಯಿಂದ ಯಾರೋ ಕರೆದ ಹಾಗಾಯಿತು. ನನ್ನ ಹೆಸರೋ, ಬೇರೆಯವರದೋ, ಯಾರಾದರೂ ತಮ್ಮ ನಾಯಿಯನ್ನು ಕರೆದದ್ದೋ. ಒಂದೇ ಸಲ. ಕೈ ತಂತಿಯನ್ನು ಬಿಗಿಯಾಗಿ ಹಿಡಿಯಿತು. ಒಳಗೆ ಓಡಿ ಬಾಗಿಲು ಹಾಕಿಕೊಳ್ಳುವ ಎನಿಸಿತು. ಓಡಲಿಲ್ಲ. ಕೊರಳು ಸರಿಮಾಡಿಕೊಂಡು, ದಡದವರೆಗೂ ಕೇಳಿಸುವ ಹಾಗೆ ಓ ಎಂದೆ.

ಎರಡನೆಯ ಕೂಗು ಬರಲಿಲ್ಲ. ಕತ್ತಲಾಗುವವರೆಗೆ ಕಾದೆ. ಕರೆದದ್ದು ದೊಡ್ಡಮ್ಮ ಅಲ್ಲ, ಅದು ನನಗೆ ಗೊತ್ತು. ಅವರಾಗಿದ್ದರೆ, ನಾನು ಹೆದರಬಾರದೆಂದು ಎರಡು ಸಲ ಕರೆಯುತ್ತಿದ್ದರು.